ಹಾರ್ಮೋನ್ ಇಲ್ಲದ ಗರ್ಭನಿರೋಧ: ಫರ್ಟಿಲಿಟಿ ಮಾನಿಟರನ್ನ ಎಷ್ಟು ನಂಬಬಹುದು?

ಆಡಿಯೊ ಸಂಚಿಕೆಯ ಬರಹ ರೂಪ



ಮಾತ್ರೆ ಬೇಡ, ಇಂಜೆಕ್ಷನ್ ಬೇಡ, ಹಾರ್ಮೋನ್ ಬೇಡ. ಬೆಳಗ್ಗೆ ಎದ್ದು ಟೆಂಪರೇಚರ್ ನೋಡಿ, ಹಸಿರು ಬಂದ್ರೆ ಸೇಫ್, ಕೆಂಪು ಬಂದ್ರೆ ಹುಷಾರು. ಇಂಥ ರೀಲ್ಸ್ ನಿಮ್ಮ ಫೋನಿಗೂ ಬಂದಿರುತ್ತೆ. ಕೇಳೋಕೆ ಚೆನ್ನಾಗಿದೆ. ಮಾತ್ರೆ ತಗೊಂಡು ತಲೆನೋವು, ವಾಕರಿಕೆ, ಮೂಡ್ ಏರುಪೇರು ಅನುಭವಿಸಿದವರಿಗಂತೂ ಇದು ದೊಡ್ಡ ಸಮಾಧಾನದ ಮಾತು. ಹಾಗಾದ್ರೆ ಇದು ನಿಜಾನಾ? ಒಂದು ಮಶೀನ್ ಅಥವಾ ಒಂದು ಆಪ್ ಗರ್ಭ ತಡೆಯುತ್ತಾ?

ಉತ್ತರವನ್ನ ಮೊದಲೇ ಹೇಳಿಬಿಡ್ತೀವಿ. ಮಾನಿಟರ್ ಗರ್ಭ ತಡೆಯಲ್ಲ, ಅದು ದಿನ ತೋರಿಸುತ್ತೆ ಅಷ್ಟೇ. ತಡೆಯೋದು ಕೆಂಪು ದಿನ ನೀವಿಬ್ಬರೂ ಏನು ಮಾಡ್ತೀರಿ ಅನ್ನೋದು. ಈ ವ್ಯತ್ಯಾಸ ಯಾಕೆ ಮುಖ್ಯ ಅಂತ ಒಂದೊಂದಾಗಿ ನೋಡೋಣ.

ಮೊದಲು ದೇಹದ ಲೆಕ್ಕ

ಹೆಣ್ಣಿನ ದೇಹದಲ್ಲಿ ಸಾಮಾನ್ಯವಾಗಿ ಪ್ರತಿ ಋತುಚಕ್ರದಲ್ಲಿ ಒಂದು ಅಂಡಾಣು ಹೊರಗೆ ಬರುತ್ತೆ. ಇದಕ್ಕೆ ಓವ್ಯುಲೇಷನ್ ಅಂತೀವಿ. ಹೊರಬಂದ ಅಂಡಾಣು ಬದುಕೋದು 12ರಿಂದ 24 ಗಂಟೆ ಮಾತ್ರ. ಅಂದ್ರೆ ತಿಂಗಳಿಗೆ ಒಂದೇ ದಿನ ಹುಷಾರಾಗಿದ್ರೆ ಸಾಕಲ್ವಾ? ಇಲ್ಲ. ವೀರ್ಯಾಣು ಹೆಣ್ಣಿನ ದೇಹದೊಳಗೆ 5 ದಿನದವರೆಗೆ ಜೀವಂತ ಇರಬಹುದು. ಸೋಮವಾರ ನಡೆದ ಸಂಭೋಗದಿಂದ ಶುಕ್ರವಾರ ಗರ್ಭ ಕಟ್ಟಬಹುದು.

1995ರಲ್ಲಿ ಅಮೆರಿಕದ ಅಲೆನ್ ವಿಲ್‌ಕಾಕ್ಸ್ ಮತ್ತು ಸಹೋದ್ಯೋಗಿಗಳು 221 ಮಹಿಳೆಯರ ಅಧ್ಯಯನ ಪ್ರಕಟಿಸಿದರು. ಗರ್ಭ ನಿಲ್ಲೋ ಸಾಧ್ಯತೆ ಇರೋದು ಓವ್ಯುಲೇಷನ್ ದಿನ ಮತ್ತು ಅದರ ಹಿಂದಿನ 5 ದಿನ, ಒಟ್ಟು 6 ದಿನ ಅಂತ ಅವರು ತೋರಿಸಿದರು.

ಹಾಗಾದ್ರೆ ಆ 6 ದಿನ ಯಾವಾಗ? ಇಲ್ಲೇ ತೊಂದರೆ ಶುರುವಾಗೋದು. 28 ದಿನದ ಚಕ್ರ, 14ನೇ ದಿನ ಓವ್ಯುಲೇಷನ್ ಅಂತ ಶಾಲೆಯ ಪುಸ್ತಕದಲ್ಲಿ ಓದಿರ್ತೀವಿ. ನಿಜವಾದ ದೇಹ ಪುಸ್ತಕದ ಹಾಗೆ ನಡೆಯಲ್ಲ. ಅದೇ ತಂಡ 2000ದಲ್ಲಿ ಪ್ರಕಟಿಸಿದ ಇನ್ನೊಂದು ಲೇಖನದ ಪ್ರಕಾರ, ಈ 6 ದಿನಗಳು ಪೂರ್ತಿಯಾಗಿ 10ರಿಂದ 17ನೇ ದಿನದೊಳಗೆ ಬರೋದು ಸುಮಾರು 30% ಮಹಿಳೆಯರಲ್ಲಿ ಮಾತ್ರ. ಬರೀ ಕ್ಯಾಲೆಂಡರ್ ನೋಡಿ ದಿನ ಎಣಿಸೋದು ಕೈಕೊಡೋದು ಇದೇ ಕಾರಣಕ್ಕೆ.

ಮಾನಿಟರ್ ಅಳೆಯೋದು ಏನನ್ನ?

ಕ್ಯಾಲೆಂಡರ್ ಮೇಲೆ ಊಹೆ ಮಾಡೋ ಬದಲು ದೇಹ ಕೊಡೋ ಸುಳಿವನ್ನೇ ಅಳೆಯೋಣ ಅನ್ನೋದು ಮಾನಿಟರ್ ಹಿಂದಿನ ಐಡಿಯಾ. ಇದರಲ್ಲಿ ಮುಖ್ಯವಾಗಿ ಎರಡು ದಾರಿ ಇವೆ.

ಒಂದು, ದೇಹದ ಬಿಸಿ. ಓವ್ಯುಲೇಷನ್ ಆದ ಮೇಲೆ ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನ್ ಏರುತ್ತೆ. ಅದರಿಂದ ಬೆಳಗ್ಗೆ ಎದ್ದ ತಕ್ಷಣದ ದೇಹದ ಉಷ್ಣತೆ ಸುಮಾರು 0.2ರಿಂದ 0.5 ಡಿಗ್ರಿ ಸೆಲ್ಸಿಯಸ್ ಹೆಚ್ಚಾಗುತ್ತೆ. ಹಾಸಿಗೆಯಿಂದ ಏಳೋ ಮುಂಚೆ ಥರ್ಮಾಮೀಟರ್ ಇಟ್ಟು ನೋಡಿದರೆ ಈ ಏರಿಕೆ ಸಿಗುತ್ತೆ. ಆದರೆ ಗಮನಿಸಿ, ಬಿಸಿ ಏರೋದು ಓವ್ಯುಲೇಷನ್ ಆದ ಮೇಲೆ. "ಆಗೋಯ್ತು" ಅಂತ ಅದು ಹೇಳುತ್ತೆ, "ಆಗುತ್ತೆ" ಅಂತ ಹೇಳಲ್ಲ. ಹಾಗಾಗಿ ಚಕ್ರದ ಮೊದಲ ಅರ್ಧದಲ್ಲಿ ಆಪ್ ತೋರಿಸೋ ಹಸಿರು ದಿನಗಳು ನಿಮ್ಮ ಹಿಂದಿನ ತಿಂಗಳುಗಳ ಮೇಲೆ ಕಟ್ಟಿದ ಅಂದಾಜು.

ಎರಡು, ಮೂತ್ರ ಪರೀಕ್ಷೆ. ಓವ್ಯುಲೇಷನ್‌ಗೆ ಕೆಲವು ದಿನ ಮುಂಚೆ ಈಸ್ಟ್ರೋಜೆನ್ ಏರುತ್ತೆ. ಆಮೇಲೆ, ಅಂಡಾಣು ಹೊರಬರೋಕೆ 24ರಿಂದ 36 ಗಂಟೆ ಇರುವಾಗ, ಎಲ್‌ಎಚ್ ಅನ್ನೋ ಹಾರ್ಮೋನ್ ದಿಢೀರಂತ ಏರುತ್ತೆ. ಸ್ಟ್ರಿಪ್ ಮೇಲೆ ಮೂತ್ರ ಹಾಕಿ ಮಾನಿಟರ್‌ಗೆ ಸೇರಿಸಿದರೆ, ಅದು ಇವೆರಡರ ಮಟ್ಟ ಓದುತ್ತೆ.

ಈ ಎರಡನೇ ದಾರಿಯ ಹೆಸರಾಂತ ಮಶೀನ್ 'ಪರ್ಸೋನಾ'. ಬ್ರಿಟನ್‌ನಲ್ಲಿ ಯೂನಿಪಾತ್ ಕಂಪನಿ 1996ರಲ್ಲಿ ಇದನ್ನ ಮಾರುಕಟ್ಟೆಗೆ ತಂತು. ಅಂಗೈಯಗಲದ ಪೆಟ್ಟಿಗೆ, ಅದರಲ್ಲಿ ಮೂರು ದೀಪ. ಹಸಿರು ಅಂದ್ರೆ ಗರ್ಭ ಆಗೋ ಸಾಧ್ಯತೆ ಕಡಿಮೆ. ಕೆಂಪು ಅಂದ್ರೆ ಸಾಧ್ಯತೆ ಇದೆ. ಹಳದಿ ಅಂದ್ರೆ ಇವತ್ತು ಮೂತ್ರ ಪರೀಕ್ಷೆ ಮಾಡಿ. ಮೊದಲ ತಿಂಗಳು 16 ಪರೀಕ್ಷೆ, ಆಮೇಲೆ ತಿಂಗಳಿಗೆ 8. ಹೇಳಿದ ಹಾಗೇ ಬಳಸಿದರೆ 94% ಪರಿಣಾಮಕಾರಿ ಅನ್ನೋದು ಕಂಪನಿಯ ಮಾತು. ಚಕ್ರ 23ರಿಂದ 35 ದಿನದೊಳಗೆ ಇರುವವರಿಗೆ ಮಾತ್ರ ಅನ್ನೋ ಷರತ್ತೂ ಇತ್ತು.

ಎರಡು ಬೇರೆ ಬೇರೆ ಸಾಮಾನು

ಇಲ್ಲಿ ತುಂಬಾ ಜನ ಗೊಂದಲ ಮಾಡ್ಕೊಳ್ತಾರೆ, ಸ್ವಲ್ಪ ಗಮನ ಕೊಟ್ಟು ಕೇಳಿ. ಮೆಡಿಕಲ್ ಸ್ಟೋರ್‌ನಲ್ಲಿ, ಆನ್‌ಲೈನ್‌ನಲ್ಲಿ ಸಿಗೋ ಓವ್ಯುಲೇಷನ್ ಕಿಟ್‌ಗಳು ಮಗು ಬೇಕು ಅನ್ನೋರಿಗಾಗಿ ಮಾಡಿದ್ದು. ಅವು ಸಾಮಾನ್ಯವಾಗಿ ಎಲ್‌ಎಚ್ ಒಂದನ್ನೇ ನೋಡ್ತವೆ. ಮಗು ಬೇಕಾದವರಿಗೆ "ಇನ್ನು ಒಂದೂವರೆ ದಿನದಲ್ಲಿ ಅಂಡಾಣು ಬರುತ್ತೆ" ಅನ್ನೋ ಸುದ್ದಿ ಸಾಕು. ಮಗು ಬೇಡ ಅನ್ನೋರಿಗೆ ಅದೇ ಸುದ್ದಿ ತಡವಾಗಿ ಬಂದ ಹಾಗೆ. ಯಾಕಂದ್ರೆ ಮೂರು ದಿನ ಹಿಂದಿನ ವೀರ್ಯಾಣು ಆಗಲೇ ಒಳಗೆ ಕಾಯ್ತಾ ಇರಬಹುದು.

ಕ್ಲಿಯರ್‌ಬ್ಲೂ ಫರ್ಟಿಲಿಟಿ ಮಾನಿಟರ್ ಈಸ್ಟ್ರೋಜೆನ್, ಎಲ್‌ಎಚ್ ಎರಡನ್ನೂ ನೋಡುತ್ತೆ. ಆದರೂ ಇದನ್ನ ಗರ್ಭನಿರೋಧಕ್ಕೆ ಬಳಸಬೇಡಿ ಅಂತ ಕಂಪನಿಯೇ ಸ್ಪಷ್ಟವಾಗಿ ಹೇಳುತ್ತೆ. ಆಪಲ್ ವಾಚ್‌ನ ಸೈಕಲ್ ಟ್ರ್ಯಾಕಿಂಗ್‌ಗೂ ಇದೇ ಎಚ್ಚರಿಕೆ ಇದೆ. ಅಮೆರಿಕದ ಮಿಲ್ವಾಕಿಯ ಮಾರ್ಕೆಟ್ ವಿಶ್ವವಿದ್ಯಾಲಯದವರು 1990ರ ದಶಕದ ಕೊನೆಯಲ್ಲಿ ಕ್ಲಿಯರ್‌ಬ್ಲೂ ಮಾನಿಟರನ್ನೇ ಇಟ್ಟುಕೊಂಡು 'ಮಾರ್ಕೆಟ್ ಮೆಥಡ್' ಅನ್ನೋ ಕುಟುಂಬ ಯೋಜನಾ ವಿಧಾನ ರೂಪಿಸಿದರು ನಿಜ. ಆದರೆ ಅಲ್ಲಿ ಮಶೀನ್ ತೋರಿಸಿದ್ದನ್ನ ಹಾಗೇ ನಂಬೋದಿಲ್ಲ. ಅದರ ಮೇಲೆ ಇನ್ನೊಂದಿಷ್ಟು ಸುರಕ್ಷತಾ ದಿನಗಳನ್ನ ಸೇರಿಸೋ ನಿಯಮ ಇದೆ, ಕಲಿಸೋಕೆ ತರಬೇತಿ ಪಡೆದವರು ಇದ್ದಾರೆ. ಪೆಟ್ಟಿಗೆ ತಂದು ಸ್ವಿಚ್ ಒತ್ತಿದ್ರೆ ಮುಗೀತು ಅನ್ನೋ ಥರದ್ದಲ್ಲ.

ಹಾಗಾಗಿ ಮೊದಲ ಪಾಠ ಇದು. ಬಾಕ್ಸ್ ಮೇಲೆ ಅಥವಾ ಆಪ್ ಒಳಗೆ "ಗರ್ಭನಿರೋಧಕ" ಅಂತ ಅನುಮತಿ ಪಡೆದಿದೆಯಾ, ಇಲ್ಲ ಬರೀ "ಪೀರಿಯಡ್ ಟ್ರ್ಯಾಕರ್" ಅಂತ ಇದೆಯಾ ನೋಡಿ. ಎರಡೂ ಒಂದೇ ಥರ ಕಾಣಬಹುದು, ಕೆಲಸ ಬೇರೆ.

93% ಅಂದ್ರೆ ನಿಜಕ್ಕೂ ಏನು?

ಗರ್ಭನಿರೋಧಕ ಅಂತಲೇ ಅನುಮತಿ ಪಡೆದ ಆಪ್‌ಗಳಲ್ಲಿ ಹೆಚ್ಚು ಹೆಸರು ಮಾಡಿರೋದು ಸ್ವೀಡನ್‌ನ 'ನ್ಯಾಚುರಲ್ ಸೈಕಲ್ಸ್'. ಇದನ್ನ ಶುರು ಮಾಡಿದವರಲ್ಲಿ ಒಬ್ಬರು ಎಲಿನಾ ಬರ್ಗ್ಲುಂಡ್, ಸರ್ನ್‌ನಲ್ಲಿ ಹಿಗ್ಸ್ ಬೋಸಾನ್ ಹುಡುಕಾಟದ ತಂಡದಲ್ಲಿದ್ದ ಭೌತವಿಜ್ಞಾನಿ. 2017ರಲ್ಲಿ ಯುರೋಪ್‌ನಲ್ಲಿ, 2018ರ ಆಗಸ್ಟ್‌ನಲ್ಲಿ ಅಮೆರಿಕದ ಎಫ್‌ಡಿಎಯಿಂದ ಈ ಆಪ್‌ಗೆ ಗರ್ಭನಿರೋಧಕ ಅಂತ ಒಪ್ಪಿಗೆ ಸಿಕ್ತು. ಎಫ್‌ಡಿಎ ಕೊಟ್ಟ ಅಂಕಿ ಹೀಗಿದೆ: ಒಂದು ತಪ್ಪೂ ಇಲ್ಲದೆ ಬಳಸಿದರೆ ವರ್ಷಕ್ಕೆ 1.8% ಜನರಿಗೆ ಗರ್ಭ ನಿಲ್ಲುತ್ತೆ. ಜನ ಸಾಮಾನ್ಯವಾಗಿ ಬಳಸೋ ರೀತಿಯಲ್ಲಾದರೆ 6.5%.

ಈ ಶೇಕಡಾವನ್ನ ಹೇಗೆ ಓದಬೇಕು? 93% ಸೇಫ್ ಅಂದ್ರೆ 100 ಸಲ ಸೇರಿದರೆ 7 ಸಲ ಗರ್ಭ ಅಂತ ಅರ್ಥ ಅಲ್ಲ. 100 ಮಹಿಳೆಯರು ಒಂದು ವರ್ಷ ಬಳಸಿದರೆ 6–7 ಜನ ಗರ್ಭಿಣಿಯರಾಗ್ತಾರೆ ಅಂತ ಅರ್ಥ. ಅದು ಒಂದು ವರ್ಷದ ಲೆಕ್ಕ. ಅದೇ ಪ್ರಮಾಣ ಮುಂದುವರಿದರೆ 5 ವರ್ಷಕ್ಕೆ 100ರಲ್ಲಿ ಸುಮಾರು 28 ಜನ. 22ನೇ ವಯಸ್ಸಲ್ಲಿ ಶುರು ಮಾಡಿ 27ರವರೆಗೆ ಮಗು ಬೇಡ ಅಂದುಕೊಂಡವರು ನೋಡಬೇಕಾಗಿರೋದು ಈ ಲೆಕ್ಕವನ್ನ.

ಬೇರೆ ವಿಧಾನಗಳ ಜೊತೆ ಇಟ್ಟು ನೋಡೋಣ. ಅಮೆರಿಕದ ಅಂಕಿಅಂಶದ ಪ್ರಕಾರ ಸಾಮಾನ್ಯ ಬಳಕೆಯಲ್ಲಿ ವರ್ಷಕ್ಕೆ ವಿಫಲವಾಗೋದು ಕಾಂಡೋಮ್ ಸುಮಾರು 13%, ಮಾತ್ರೆ 7%, ಕಾಪರ್-ಟಿ 0.8%. ದಿನ ನೋಡಿ ಪಾಲಿಸೋ ವಿಧಾನಗಳೆಲ್ಲ ಸೇರಿ 2ರಿಂದ 23%. ಈ ಕೊನೆಯ ಅಂಕಿ ನೋಡಿ, 2 ಎಲ್ಲಿ, 23 ಎಲ್ಲಿ! ವಿಧಾನ ಯಾವುದು, ಯಾರು ಕಲಿಸಿದರು, ಎಷ್ಟು ಕಟ್ಟುನಿಟ್ಟಾಗಿ ಪಾಲಿಸಿದರು ಅನ್ನೋದರ ಮೇಲೆ ಇಷ್ಟು ಅಂತರ ಬರುತ್ತೆ.

ಇದಕ್ಕೆ ಒಂದು ಒಳ್ಳೇ ಉದಾಹರಣೆ ಜರ್ಮನಿಯಲ್ಲಿದೆ. ಅಲ್ಲಿ 900 ಮಹಿಳೆಯರ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಅವರು ಬಳಸಿದ್ದು ಯಾವ ದುಬಾರಿ ಮಶೀನನ್ನೂ ಅಲ್ಲ. ಥರ್ಮಾಮೀಟರ್, ಜೊತೆಗೆ ಗರ್ಭಕಂಠದ ಲೋಳೆಯಲ್ಲಿ ಆಗೋ ಬದಲಾವಣೆ, ಈ ಎರಡು ಸುಳಿವು. ವರ್ಷಕ್ಕೆ ಗರ್ಭಿಣಿಯರಾದವರು 1.8% ಮಾತ್ರ. ಆದರೆ ಅವರೆಲ್ಲ ತರಬೇತಿ ಪಡೆದು, ಪ್ರತಿದಿನ ಚಾರ್ಟ್ ಬರೆದವರು. ದುಡ್ಡು ಕೊಟ್ಟು ತಂದ ಸಾಧನಕ್ಕಿಂತ ಕಲಿತ ಅಭ್ಯಾಸ ಹೆಚ್ಚು ಕೆಲಸ ಮಾಡುತ್ತೆ ಅನ್ನೋದಕ್ಕೆ ಇದು ಸಾಕ್ಷಿ.

ಜಾಹೀರಾತು ಹೇಳೋದು, ಆಸ್ಪತ್ರೆ ಕಾಣೋದು

ಸ್ಟಾಕ್‌ಹೋಮ್‌ನ ಸೋಡರ್‌ಶುಕುಸೆಟ್ ಆಸ್ಪತ್ರೆಗೆ 2017ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಗರ್ಭಪಾತಕ್ಕೆ ಬಂದ 668 ಮಹಿಳೆಯರಲ್ಲಿ 37 ಜನ ನ್ಯಾಚುರಲ್ ಸೈಕಲ್ಸ್ ಬಳಸ್ತಿದ್ದರು. ದೊಡ್ಡ ಸುದ್ದಿಯಾಯಿತು, ಸ್ವೀಡನ್‌ನ ಔಷಧ ನಿಯಂತ್ರಣ ಸಂಸ್ಥೆ ತನಿಖೆ ನಡೆಸಿತು. ಫಲಿತಾಂಶ ಏನು ಗೊತ್ತಾ? ವಿಫಲತೆಯ ಪ್ರಮಾಣ ಕಂಪನಿ ಹೇಳಿದ ಅಂಕಿಗೆ ಹೊಂದಿಕೆಯಾಗಿತ್ತು. ಆಪ್ ಕೆಟ್ಟಿರಲಿಲ್ಲ. 7% ಅನ್ನೋದು ಕಾಗದದ ಮೇಲೆ ಸಣ್ಣ ಅಂಕಿ, ಆಸ್ಪತ್ರೆಯ ಬಾಗಿಲಲ್ಲಿ ಅದು ಒಬ್ಬೊಬ್ಬ ಹೆಣ್ಣುಮಗಳು. ಗರ್ಭ ನಿಲ್ಲೋ ಅಪಾಯವನ್ನ ಇನ್ನೂ ಸ್ಪಷ್ಟವಾಗಿ ಹೇಳಿ ಅಂತ ಸಂಸ್ಥೆ ಕಂಪನಿಗೆ ಸೂಚಿಸಿತು. ಅದೇ 2018ರಲ್ಲಿ ಬ್ರಿಟನ್‌ನ ಜಾಹೀರಾತು ನಿಗಾ ಸಂಸ್ಥೆ, ಈ ಆಪ್ ಬಹಳ ನಿಖರ ಅಂತ ಹೇಳ್ತಿದ್ದ ಫೇಸ್‌ಬುಕ್ ಜಾಹೀರಾತನ್ನ ದಾರಿ ತಪ್ಪಿಸುವಂಥದ್ದು ಅಂತ ಕರೆದು ನಿಲ್ಲಿಸಿತು.

ಎಪ್ಪತ್ತು ವರ್ಷ ಹಿಂದೆ ರಾಮನಗರದಲ್ಲಿ

ಈಗ ನಮ್ಮೂರಿಗೆ ಬರೋಣ. ಇದು ಹೊಸ ಟೆಕ್ನಾಲಜಿ, ವಿದೇಶದ ಕಥೆ ಅಂತ ಅನ್ನಿಸಬಹುದು. ಆದರೆ ಇದರ ಹಳೇ ರೂಪದ ಪ್ರಯೋಗ ನಡೆದದ್ದು ನಮ್ಮ ರಾಮನಗರದಲ್ಲಿ.

1930ರಲ್ಲೇ ಸರ್ಕಾರಿ ಗರ್ಭನಿರೋಧ ಕ್ಲಿನಿಕ್ ತೆರೆದ ಸಂಸ್ಥಾನ ನಮ್ಮ ಮೈಸೂರು. ಸ್ವಾತಂತ್ರ್ಯದ ನಂತರ, 1951ರ ಕೊನೆಯಲ್ಲಿ, ಭಾರತ ಸರ್ಕಾರದ ಕೋರಿಕೆ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ಅಮೆರಿಕದ ವೈದ್ಯ ಅಬ್ರಹಾಂ ಸ್ಟೋನ್ ಅವರನ್ನ ಇಲ್ಲಿಗೆ ಕಳಿಸಿತು. ಆಗಿನ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಗಾಂಧಿವಾದಿ. ಸಾಧನ, ಔಷಧಿಗಿಂತ ದಿನ ನೋಡಿ ಸಂಯಮ ಪಾಲಿಸೋ ದಾರಿಯೇ ಅವರಿಗೆ ಒಪ್ಪಿಗೆಯಾಗಿತ್ತು. ಪ್ರಯೋಗಕ್ಕೆ ಆರಿಸಿದ್ದು ಎರಡು ಜಾಗ: ದೆಹಲಿಯ ಲೋಧಿ ಕಾಲೊನಿ ಮತ್ತು ಮೈಸೂರು ರಾಜ್ಯದ ರಾಮನಗರ. ಓದು ಬರಹ ಬಾರದವರಿಗೂ ದಿನ ಎಣಿಸೋಕೆ ಸುಲಭವಾಗಲಿ ಅಂತ ಬಣ್ಣದ ಮಣಿಗಳ ಸರ ಕೊಟ್ಟರು. ದಿನಕ್ಕೊಂದು ಮಣಿ ಸರಿಸೋದು, ಮಣಿಯ ಬಣ್ಣ ನೋಡಿ ಇವತ್ತು ಸುರಕ್ಷಿತವೋ ಅಲ್ಲವೋ ತಿಳಿಯೋದು. ಇವತ್ತಿನ ಆಪ್‌ನ ಕೆಂಪು-ಹಸಿರು ಇದೆಯಲ್ಲ, ಅದರ ಅಜ್ಜಿ ಈ ಸರ.

ಏನಾಯ್ತು? ಕಲಿಯೋಕೆ ಆಸಕ್ತಿ ತೋರಿದವರು ಬಹಳ ಜನ, ಕೊನೆವರೆಗೂ ಪಾಲಿಸಿದವರು ತೀರಾ ಕಡಿಮೆ. ಸರ ಹೆಂಡತಿಯ ಕೈಲಿತ್ತು, ಆದರೆ ಆ ರಾತ್ರಿಯ ತೀರ್ಮಾನ ಅವಳೊಬ್ಬಳ ಕೈಲಿರಲಿಲ್ಲ.

ಇವತ್ತಿಗೂ ಪ್ರಶ್ನೆ ಅದೇ. ಸೆನ್ಸರ್ ಬದಲಾಗಿದೆ, ಆದರೆ ಕೆಂಪು ದಿನ "ಇವತ್ತು ಬೇಡ" ಅಥವಾ "ಕಾಂಡೋಮ್ ಇಲ್ಲದೆ ಬೇಡ" ಅಂತ ಹೇಳಿದರೆ ಎದುರಿಗಿರೋರು ಕೇಳ್ತಾರಾ? ಸಿಡಿಮಿಡಿ ಇಲ್ಲದೆ, ಒತ್ತಾಯ ಇಲ್ಲದೆ ಒಪ್ಪಿಕೊಳ್ತಾರಾ? ಉತ್ತರ "ಹೌದು" ಆದರೆ ಈ ವಿಧಾನ ನಿಮಗೆ ಕೆಲಸ ಮಾಡಬಹುದು. "ಗೊತ್ತಿಲ್ಲ" ಅಥವಾ "ಇಲ್ಲ" ಆದರೆ ಎಷ್ಟೇ ಒಳ್ಳೇ ಮಾನಿಟರ್ ತಂದರೂ ಉಪಯೋಗ ಇಲ್ಲ. ಸಂಗಾತಿಯ ಒಪ್ಪಿಗೆಯನ್ನ ದಿನಾ ಕೇಳಬೇಕಿಲ್ಲದ, ನಿಮ್ಮ ಕೈಲೇ ಇರೋ ವಿಧಾನ ಆಗ ಹೆಚ್ಚು ಸುರಕ್ಷಿತ. ಇದನ್ನ ಕೇಳ್ತಿರೋ ಹುಡುಗರಿಗೂ ಒಂದು ಮಾತು. ಥರ್ಮಾಮೀಟರ್ ಇಡೋದು ಅವಳು, ಚಾರ್ಟ್ ಬರೆಯೋದು ಅವಳು. ಕೆಂಪು ದಿನವನ್ನ ಪಾಲಿಸೋದಾದರೂ ಇಬ್ಬರ ಕೆಲಸ ಆಗಬೇಕಲ್ವಾ?

ಯಾರಿಗೆ ಇದು ಹೊಂದಲ್ಲ?

ಪಿಸಿಓಎಸ್ ಇರೋರು ಹುಷಾರು. ಅವರಲ್ಲಿ ಚಕ್ರ ಅನಿಯಮಿತ, ಎಲ್‌ಎಚ್ ಕೂಡ ಸುಮ್ಮಸುಮ್ಮನೆ ಹೆಚ್ಚಿರಬಹುದು, ಆಗ ಸ್ಟ್ರಿಪ್ ತಪ್ಪು ಹೇಳುತ್ತೆ. ನೈಟ್ ಶಿಫ್ಟ್ ಮಾಡೋರು, ನಿದ್ದೆಯ ಹೊತ್ತು ದಿನಾ ಬದಲಾಗೋರಿಗೆ ಬೆಳಗಿನ ಟೆಂಪರೇಚರ್ ಸರಿಯಾಗಿ ಸಿಗಲ್ಲ. ಜ್ವರ ಬಂದರೆ, ಹಿಂದಿನ ರಾತ್ರಿ ಮದ್ಯ ಸೇವಿಸಿದರೆ ಆ ದಿನದ ಅಳತೆ ಲೆಕ್ಕಕ್ಕಿಲ್ಲ. ಈಗಷ್ಟೇ ಹೆರಿಗೆಯಾದವರು, ಎದೆಹಾಲು ಕೊಡ್ತಿರೋರು, ಹಾರ್ಮೋನ್ ಮಾತ್ರೆಯನ್ನ ಇತ್ತೀಚೆಗೆ ನಿಲ್ಲಿಸಿದವರು ಚಕ್ರ ಒಂದು ಹದಕ್ಕೆ ಬರೋವರೆಗೂ ಇದನ್ನ ನಂಬಬಾರದು. ಗರ್ಭ ನಿಂತರೆ ಜೀವಕ್ಕೆ ಅಪಾಯ ಅಂತ ಡಾಕ್ಟರ್ ಹೇಳಿರೋರಿಗಂತೂ ಇದು ಬೇಡವೇ ಬೇಡ.

ಇನ್ನೊಂದು ವಿಷಯ. ಎಚ್‌ಐವಿ ಮತ್ತು ಬೇರೆ ಲೈಂಗಿಕ ಸೋಂಕುಗಳಿಂದ ಯಾವ ಮಾನಿಟರೂ ಕಾಪಾಡಲ್ಲ. ಹಸಿರು ದಿನವೂ ಅದಕ್ಕೆ ಕಾಂಡೋಮೇ ಬೇಕು.

ಹಾರ್ಮೋನ್ ಬೇಡ ಅಂದ್ರೆ ಬೇರೆ ದಾರಿ ಇದೆಯಾ?

ಇದೆ. ಹಾರ್ಮೋನ್ ಬೇಡ ಅನ್ನೋರಿಗೆ ಆಪ್ ಒಂದೇ ಗತಿ ಅಲ್ಲ. ಕಾಪರ್-ಟಿಯಲ್ಲಿ ಹಾರ್ಮೋನ್ ಇಲ್ಲ. 380ಎ ಅನ್ನೋ ಮಾದರಿ 10 ವರ್ಷ ಕೆಲಸ ಮಾಡುತ್ತೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಹಾಕ್ತಾರೆ, ಬೇಡ ಅಂದಾಗ ತೆಗೆಸಬಹುದು. ಕೆಲವರಿಗೆ ರಕ್ತಸ್ರಾವ, ಹೊಟ್ಟೆನೋವು ಹೆಚ್ಚಾಗುತ್ತೆ, ಅದನ್ನ ಮೊದಲೇ ಕೇಳಿ ತಿಳ್ಕೊಳ್ಳಿ. 'ಛಾಯಾ' ಅನ್ನೋ ಮಾತ್ರೆ ಇದೆ, ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಕಂಡುಹಿಡಿದದ್ದು. ಇದರಲ್ಲಿ ಸ್ಟೀರಾಯ್ಡ್ ಹಾರ್ಮೋನ್ ಇಲ್ಲ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಇದೂ ಸರ್ಕಾರಿ ಯೋಜನೆಯಲ್ಲಿ ಉಚಿತ, ಆದರೆ ಪಿಸಿಓಎಸ್ ಇರೋರಿಗೆ ಕೊಡಲ್ಲ, ಡಾಕ್ಟರ್ ಹತ್ತಿರ ಮಾತಾಡಿಯೇ ಶುರು ಮಾಡಿ.

ಲೆಕ್ಕ ತಪ್ಪಿದರೆ?

ಕೆಂಪು ದಿನ ಎಡವಟ್ಟಾದರೆ ಗಾಬರಿ ಬೇಡ, ತಡವೂ ಬೇಡ. ತುರ್ತು ಗರ್ಭನಿರೋಧಕ ಮಾತ್ರೆಯನ್ನ 72 ಗಂಟೆಯೊಳಗೆ, ಎಷ್ಟು ಬೇಗ ಆದರೆ ಅಷ್ಟು ಒಳ್ಳೇದು. ನೆನಪಿಡಿ, ಇದರಲ್ಲಿ ಹಾರ್ಮೋನ್ ಇದೆ. ಇದರಿಂದ ಓವ್ಯುಲೇಷನ್ ಮುಂದೆ ಹೋಗಬಹುದು, ಆಪ್‌ನ ಆ ತಿಂಗಳ ಲೆಕ್ಕ ತಲೆಕೆಳಗಾಗುತ್ತೆ. ಮುಂದಿನ ಮುಟ್ಟು ಬರೋವರೆಗೂ ಎಲ್ಲಾ ದಿನವೂ ಕೆಂಪು ಅಂತಲೇ ತಿಳ್ಕೊಳ್ಳಿ. ಮುಟ್ಟು ತಡವಾದರೆ ಪ್ರೆಗ್ನೆನ್ಸಿ ಟೆಸ್ಟ್ ಮಾಡಿ.

ಗರ್ಭ ನಿಂತೇ ಬಿಟ್ಟರೆ ಕಾನೂನು ನಿಮ್ಮ ಜೊತೆಗಿದೆ. 2021ರ ತಿದ್ದುಪಡಿಯ ಪ್ರಕಾರ ಗರ್ಭನಿರೋಧಕ ವಿಫಲವಾಯ್ತು ಅನ್ನೋ ಕಾರಣಕ್ಕೆ 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯದ ಮೇಲೆ ಗರ್ಭಪಾತ ಮಾಡಿಸಿಕೊಳ್ಳಬಹುದು. ಮದುವೆಯಾಗಿರಬೇಕು ಅಂತ ಇಲ್ಲ. 18 ತುಂಬಿದ್ದರೆ ನಿಮ್ಮ ಒಪ್ಪಿಗೆ ಒಂದೇ ಸಾಕು, ಗಂಡನ ಸಹಿ, ಅಪ್ಪ ಅಮ್ಮನ ಸಹಿ ಬೇಕಿಲ್ಲ.

ನಿಮ್ಮ ಡೇಟಾ ಯಾರ ಹತ್ತಿರ?

ಆಪ್ ಅಂದ ಮೇಲೆ ಇದನ್ನ ಕೇಳಲೇಬೇಕು. ಮುಟ್ಟಿನ ದಿನ, ಸಂಭೋಗದ ದಿನ, ಎಲ್ಲವನ್ನೂ ಅದಕ್ಕೆ ಹೇಳ್ತೀರಿ. 'ಫ್ಲೋ' ಅನ್ನೋ ಜನಪ್ರಿಯ ಪೀರಿಯಡ್ ಆಪ್ ಬಳಕೆದಾರರ ಮಾಹಿತಿಯನ್ನ ಫೇಸ್‌ಬುಕ್, ಗೂಗಲ್‌ನಂಥ ಕಂಪನಿಗಳಿಗೆ ಕೊಟ್ಟಿದೆ ಅಂತ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತ್ತು. 2021ರಲ್ಲಿ ಅದು ರಾಜಿ ಒಪ್ಪಂದದಲ್ಲಿ ಮುಗೀತು. ಹಾಗಾಗಿ ಇನ್‌ಸ್ಟಾಲ್ ಮಾಡೋ ಮುಂಚೆ ಪ್ರೈವೆಸಿ ಸೆಟ್ಟಿಂಗ್ ನೋಡಿ, ಡೇಟಾ ಅಳಿಸೋ ಆಯ್ಕೆ ಇದೆಯಾ ನೋಡಿ, ಫೋನಿಗೂ ಆಪ್‌ಗೂ ಲಾಕ್ ಹಾಕಿ.

ಕೊನೆಗೆ, ಶುರು ಮಾಡೋ ಮುಂಚೆ ಐದು ಪ್ರಶ್ನೆ

ನನ್ನ ಚಕ್ರ ನಿಯಮಿತವಾಗಿದೆಯಾ? ಈ ಸಾಧನಕ್ಕೆ ಗರ್ಭನಿರೋಧಕ ಅಂತ ಅನುಮತಿ ಇದೆಯಾ? ದಿನಾ ಬೆಳಗ್ಗೆ ತಪ್ಪದೆ ಅಳತೆ ಮಾಡೋಕೆ ಆಗುತ್ತಾ? ಕೆಂಪು ದಿನ ನನ್ನ ಮಾತು ನಡೆಯುತ್ತಾ? ಗರ್ಭ ನಿಂತರೆ ಅದನ್ನ ನಿಭಾಯಿಸೋ ಸ್ಥಿತಿಯಲ್ಲಿ ಇದ್ದೀನಾ?

ಐದಕ್ಕೂ "ಹೌದು" ಬಂದರೆ ಸ್ತ್ರೀರೋಗ ತಜ್ಞರ ಹತ್ತಿರ ಕೂತು ಕಲಿತು ಶುರು ಮಾಡಿ. ಮೊದಲ ಕೆಲವು ತಿಂಗಳು ಆಪ್ ಇನ್ನೂ ನಿಮ್ಮ ದೇಹವನ್ನ ಕಲಿಯುತ್ತಾ ಇರುತ್ತೆ, ಅಲ್ಲಿವರೆಗೆ ಕಾಂಡೋಮ್ ಬಿಡಬೇಡಿ. ಒಂದಕ್ಕೆ "ಇಲ್ಲ" ಬಂದರೂ ಬೇಜಾರು ಬೇಡ, ಬೇರೆ ದಾರಿ ಇದೆ ಅಂತ ಈಗ ನಿಮಗೆ ಗೊತ್ತು. ನಿಮ್ಮ ಗೆಳತಿಗೋ ಸಂಗಾತಿಗೋ ಇದು ಬೇಕು ಅನ್ನಿಸಿದರೆ ಕಳಿಸಿ.